ಕೊಡಗಿನ ರಸ್ತೆಯಲ್ಲಿ ಸಿಡುಕದೆ ವಾಹನ ನಡೆಸುವುದು ಹೇಗೆ?

ಮಡಿಕೇರಿಯಿಂದ ಯಾವ ದಿಕ್ಕಿಗೆ ಹೊರಟರೂ ಚಾಲಕರ ದೂರುಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಮುಂದಿನ ಲಾರಿಯವರು ಸೈಡ್ ಕೊಡುವುದಿಲ್ಲ, ಪ್ರವಾಸಿಗರು ತಿರುವಿನಲ್ಲೇ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಬೈಕಿನವರು ಗುಂಪಾಗಿ ಬಂದು ಇಡೀ ರಸ್ತೆ ಹಿಡಿಯುತ್ತಾರೆ, ನಡೆದು ಹೋಗುವವರು ಹಾರ್ನ್ ಮಾಡಿದರೂ ಸರಿಯುವುದಿಲ್ಲ, ಎದುರಿಗೆ ಬರುವವರು ಲೈಟ್ ಡಿಪ್ ಮಾಡುವುದಿಲ್ಲ. ಈ ದೂರುಗಳಲ್ಲಿ ಕೆಲವು ಪೂರ್ತಿ ನ್ಯಾಯವಾದವು. ಆದರೆ ಬಹುಪಾಲು ಸಂದರ್ಭಗಳಲ್ಲಿ ನಮ್ಮನ್ನು ಕೆರಳಿಸಿದವರು ಬೇಕೆಂದೇ ಹಾಗೆ ಮಾಡಿರುವುದಿಲ್ಲ. ರಸ್ತೆಯ ಅಗಲ, ಏರು, ಮಳೆ, ಹೊತ್ತು, ಹೊರೆ ಇವುಗಳಲ್ಲಿ ಯಾವುದೋ ಒಂದು ಅವರ ಕೈಯನ್ನು ಕಟ್ಟಿಹಾಕಿರುತ್ತದೆ. ಅದು ಯಾವುದೆಂದು ಮೊದಲೇ ಊಹಿಸಬಲ್ಲ ಚಾಲಕರಿಗೆ ಸಿಟ್ಟು ಬರುವ ಪ್ರಸಂಗಗಳೇ ಕಡಿಮೆಯಾಗುತ್ತವೆ. ಕೊಡಗಿನಲ್ಲಿ ದಿನವೂ ವಾಹನ ನಡೆಸುವವರಿಗಾಗಿ ಈ ಕ್ರಮವನ್ನು ಬರೆಯಲಾಗಿದೆ. ಹೊರಗಿನಿಂದ ಬರುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಹೊರಡುವ ಮೊದಲು: ರಸ್ತೆಯಲ್ಲಿ ಈಗ ಯಾರಿದ್ದಾರೆ?

ಮೊದಲ ಹೆಜ್ಜೆಯನ್ನು ಮನೆಯಲ್ಲೇ ಇಡಬೇಕು. ಕೊಡಗಿನ ರಸ್ತೆಗಳ ಮೇಲೆ ಯಾವ ಹೊತ್ತಿನಲ್ಲಿ ಯಾರು ಇರುತ್ತಾರೆಂಬುದು ಸಾಕಷ್ಟು ನಿಶ್ಚಿತವಾದ ಸಂಗತಿ. ಬೆಳಿಗ್ಗೆ ತೋಟದ ಕೆಲಸಕ್ಕೆ ಜನರನ್ನು ಕರೆದೊಯ್ಯುವ ಜೀಪು ಮತ್ತು ಪಿಕಪ್‌ಗಳು ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮುಂದೆ, ಜಂಕ್ಷನ್‌ಗಳಲ್ಲಿ ನಿಂತು ನಿಂತು ಸಾಗುತ್ತವೆ. ಅದೇ ಹೊತ್ತಿಗೆ ಶಾಲಾ ಮಕ್ಕಳೂ ಬಸ್ಸಿಗಾಗಿ ರಸ್ತೆ ಅಂಚಿನಲ್ಲಿ ನಿಂತಿರುತ್ತಾರೆ. ಸಂಜೆ ಈ ಎರಡೂ ಗುಂಪುಗಳು ಹಿಂದಿರುಗುತ್ತವೆ. ನವೆಂಬರ್‌ನಿಂದ ಅರೇಬಿಕಾ, ಆಮೇಲೆ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು ನಡೆಯುವ ತಿಂಗಳುಗಳಲ್ಲಿ ಇದಕ್ಕೆ ಕಾಫಿ ಚೀಲ ಹೊತ್ತ ಪಿಕಪ್ ಮತ್ತು ಟ್ರ್ಯಾಕ್ಟರ್‌ಗಳೂ ಸೇರಿಕೊಳ್ಳುತ್ತವೆ. ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ ಸಂತೆ. ಆಯಾ ದಿನ ಆಯಾ ಪಟ್ಟಣದ ಒಳಗೆ ಬೇಗ ಹಾದುಹೋಗುವ ಆಸೆಯನ್ನೇ ಇಟ್ಟುಕೊಳ್ಳಬಾರದು. ಶನಿವಾರ, ಭಾನುವಾರ ಮತ್ತು ಸಾಲು ರಜೆಗಳಲ್ಲಿ ಕುಶಾಲನಗರದಿಂದ ಮಡಿಕೇರಿಗೆ ಬರುವ ಹೆದ್ದಾರಿ ಪ್ರವಾಸಿಗರದು. ಕಾವೇರಿ ತೀರ್ಥೋದ್ಭವ ನಡೆಯುವ ತುಲಾ ಸಂಕ್ರಮಣದ ವೇಳೆ ಭಾಗಮಂಡಲದ ಕಡೆಗೂ, ದಸರಾ ದಶಮಂಟಪಗಳ ಮೆರವಣಿಗೆಯ ರಾತ್ರಿ ಮಡಿಕೇರಿಗೂ ಬೇರೆ ಕೆಲಸವಿಟ್ಟುಕೊಂಡು ಹೋಗುವವರು ತಮ್ಮ ತಾಳ್ಮೆಯನ್ನು ತಾವೇ ಪರೀಕ್ಷೆಗೆ ಒಡ್ಡಿಕೊಳ್ಳುತ್ತಾರೆ.

ಹೊತ್ತನ್ನು ಆರಿಸಿಕೊಂಡ ಮೇಲೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿ.ಮೀ. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಹೋದರೆ 45 ನಿಮಿಷ ಬೇಕು. ಲಾರಿಯೊಂದರ ಹಿಂದೆ ಸಿಕ್ಕಿ ಸರಾಸರಿ 35ಕ್ಕೆ ಇಳಿದರೆ 51 ನಿಮಿಷ ಬೇಕಾಗುತ್ತದೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು, ಎರಡು ಮೂರು ಕಡೆ ಪ್ರಾಣವನ್ನು ಪಣಕ್ಕಿಟ್ಟು ಓವರ್‌ಟೇಕ್ ಮಾಡಿ ಉಳಿಸಿಕೊಳ್ಳುವುದು ಆರು ನಿಮಿಷ. ಬೇಕಾದ ಸಮಯಕ್ಕಿಂತ ಕಾಲು ಗಂಟೆ ಮೊದಲೇ ಮನೆ ಬಿಟ್ಟವರಿಗೆ ಈ ಆರು ನಿಮಿಷದ ಹಂಗೇ ಇರುವುದಿಲ್ಲ. ಮಳೆಗಾಲದಲ್ಲಿ ಇನ್ನೂ ಹೆಚ್ಚು ಸಮಯ ಇಟ್ಟುಕೊಳ್ಳಬೇಕು: ಬರೆ (ರಸ್ತೆ ಪಕ್ಕದ ಕಡಿದಾದ ಮಣ್ಣಿನ ದಿಬ್ಬ) ಜರಿದು ಒಂದು ಪಾರ್ಶ್ವ ಮಾತ್ರ ತೆರೆದಿರಬಹುದು, ಮರ ಬಿದ್ದಿರಬಹುದು, ಭಾರಿ ವಾಹನಗಳ ಸಂಚಾರಕ್ಕೆ ಜಿಲ್ಲಾಡಳಿತ ನಿರ್ಬಂಧ ಹಾಕಿರಬಹುದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ನಡುವಿನ ಹೆದ್ದಾರಿಯೇ ಕುಸಿದುಹೋದದ್ದನ್ನು ನೋಡಿದ ಮೇಲೆ, ಮಳೆಗಾಲದಲ್ಲಿ ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸುವುದು ಇಲ್ಲಿನವರಿಗೆ ಅಭ್ಯಾಸವಾಗಿಬಿಟ್ಟಿದೆ.

ಘಾಟಿಯಲ್ಲಿ: ಇಳಿಯುವವರು ನಿಲ್ಲಬೇಕು

ಘಾಟಿಯಲ್ಲಿ ನಡೆಯುವ ಮಾತಿನ ಚಕಮಕಿಗಳಲ್ಲಿ ಹೆಚ್ಚಿನವು ಒಂದೇ ನಿಯಮ ಗೊತ್ತಿಲ್ಲದ್ದರಿಂದ ಹುಟ್ಟುತ್ತವೆ. ಎರಡು ವಾಹನಗಳು ಸರಾಗವಾಗಿ ಹಾಯಲಾರದಷ್ಟು ಕಿರಿದಾದ ಕಡಿದಾದ ರಸ್ತೆಯಲ್ಲಿ, ಇಳಿಯುತ್ತಿರುವ ವಾಹನ ಪಕ್ಕಕ್ಕೆ ನಿಂತು ಏರುತ್ತಿರುವ ವಾಹನಕ್ಕೆ ದಾರಿ ಬಿಡಬೇಕು. ಇದು ಬರಿಯ ಸೌಜನ್ಯದ ಮಾತಲ್ಲ, ಸಂಚಾರ ನಿಯಮ. ಹೊರೆ ತುಂಬಿದ ಲಾರಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಚಲಿಸಲು ಬಹಳ ಕಷ್ಟಪಡುತ್ತದೆ. ಹಿಂದಕ್ಕೆ ಜಾರಿದರೆ ಹಿಂದಿರುವ ಎಲ್ಲರಿಗೂ ಅಪಾಯ. ಇಳಿಯುವ ವಾಹನಕ್ಕೆ ಆ ತೊಂದರೆಯಿಲ್ಲ. ಸಂಪಾಜೆ ಘಾಟಿಯಲ್ಲಾಗಲಿ, ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ ಇಳಿಯುವ ದಾರಿಯಲ್ಲಾಗಲಿ, ಕೆಳಗಿನಿಂದ ಏದುಸಿರು ಬಿಡುತ್ತಾ ಬರುವ ಲಾರಿಯ ಸದ್ದು ಕೇಳಿದ ಕೂಡಲೇ ತಿರುವಿನ ಮೇಲ್ಭಾಗದಲ್ಲೇ, ಅಗಲವಿರುವ ಜಾಗದಲ್ಲಿ ನಿಂತುಕೊಳ್ಳಿ. ತಿರುವಿನ ನಡುವೆ ಎದುರಾದರೆ ಇಬ್ಬರಿಗೂ ಹಿಂದೆ ಸರಿಯಲು ಜಾಗ ಸಿಗುವುದಿಲ್ಲ. ಉದ್ದನೆಯ ಬಸ್ಸು ಹೇರ್‌ಪಿನ್ ತಿರುವಿನಲ್ಲಿ ನಮ್ಮ ಪಾರ್ಶ್ವಕ್ಕೆ ಬಂದೇ ತಿರುಗಬೇಕಾಗುತ್ತದೆ; ಅದನ್ನು ದಬ್ಬಾಳಿಕೆ ಎಂದು ತಿಳಿಯುವುದು ತಪ್ಪು.

ಇಳಿಯುವಾಗ ಏರಲು ಬಳಸುವ ಗೇರನ್ನೇ ಬಳಸಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿಯಾಗಿದೆ. ನ್ಯೂಟ್ರಲ್ ಮಾಡಿ ಇಳಿದರೆ ಡೀಸೆಲ್ ಉಳಿಯುತ್ತದೆಂದು ನಂಬಿದವರು ಇನ್ನೂ ಇದ್ದಾರೆ. ಹಾಗೆ ಮಾಡಿದಾಗ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮುಂದಿನ ವಾಹನ ಪದೇ ಪದೇ ಬ್ರೇಕ್ ಹಾಕುತ್ತಾ, ಸುಟ್ಟ ವಾಸನೆ ಬಿಡುತ್ತಾ ಇಳಿಯುತ್ತಿದ್ದರೆ ಚಾಲಕರು ಈ ದಾರಿಗೆ ಹೊಸಬರೆಂದು ತಿಳಿದು ಅಂತರ ಹೆಚ್ಚಿಸಿಕೊಳ್ಳಿ. ಹಿಂದಿನಿಂದ ಹಾರ್ನ್ ಮಾಡಿ ಅವಸರಿಸಬೇಡಿ. ನಿಮ್ಮದೇ ವಾಹನದಿಂದ ಆ ವಾಸನೆ ಬಂದರೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ, ತಣಿಯಲು ಬಿಡಿ. ಕಾದ ಚಕ್ರಕ್ಕೆ ನೀರು ಎರಚಬಾರದು.

ಮುಂದಿನ ಲಾರಿ ಮತ್ತು ಅದರ ಇಂಡಿಕೇಟರ್

ಲಾರಿಯ ಹಿಂದೆ ಸಿಕ್ಕಿದವರು ಸಾಮಾನ್ಯವಾಗಿ ಅದಕ್ಕೆ ಅಂಟಿಕೊಂಡೇ ಹೋಗುತ್ತಾರೆ. ಇದರಿಂದ ಎರಡು ನಷ್ಟ. ಮುಂದಿನ ರಸ್ತೆ ನಮಗೆ ಕಾಣುವುದಿಲ್ಲ, ಲಾರಿಯ ಕನ್ನಡಿಯಲ್ಲಿ ನಾವೂ ಕಾಣುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಆದ್ದರಿಂದ ಒಣ ರಸ್ತೆಯಲ್ಲಿ ಕನಿಷ್ಠ ಎರಡು ಸೆಕೆಂಡುಗಳ ಅಂತರವನ್ನು, ಒದ್ದೆ ರಸ್ತೆಯಲ್ಲಿ ಅದರ ಎರಡರಷ್ಟನ್ನು ಇಟ್ಟುಕೊಳ್ಳಬೇಕು. ಲಾರಿ ಯಾವುದೋ ಮರವನ್ನೋ ಮೋರಿಯನ್ನೋ ದಾಟಿದ ಕ್ಷಣದಿಂದ ಎಣಿಸತೊಡಗಿ, ನೀವು ಅದೇ ಗುರುತನ್ನು ತಲುಪುವ ಹೊತ್ತಿಗೆ ಎಷ್ಟಾಯಿತೆಂದು ನೋಡಿದರೆ ಅಂತರ ತಿಳಿಯುತ್ತದೆ. ಹೀಗೆ ಹಿಂದೆ ಉಳಿದಾಗಲೇ ಓವರ್‌ಟೇಕ್ ಮಾಡಲು ತಕ್ಕ ನೇರ ರಸ್ತೆ ಮೊದಲೇ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಇಂಡಿಕೇಟರ್ ವಿಷಯವನ್ನು ಸ್ವಲ್ಪ ವಿವರಿಸಬೇಕಾಗಿದೆ. ನಮ್ಮ ಕಡೆ ಲಾರಿಯವರು ಬಲಗಡೆಯ ಇಂಡಿಕೇಟರ್ ಹಾಕಿದರೆ ಕೆಲವರಿಗೆ ‘ಹೋಗಬಹುದು’ ಎಂದರ್ಥ, ಇನ್ನು ಕೆಲವರಿಗೆ ‘ಎದುರಿನಿಂದ ವಾಹನ ಬರುತ್ತಿದೆ, ಬರಬೇಡಿ’ ಎಂದರ್ಥ. ಎರಡೂ ಅಲ್ಲದೆ, ಆ ಲಾರಿ ನಿಜವಾಗಿಯೂ ಬಲಕ್ಕೆ, ಯಾವುದೋ ತೋಟದ ಗೇಟಿನೊಳಕ್ಕೆ ತಿರುಗುತ್ತಿರಲೂಬಹುದು. ಒಂದೇ ದೀಪಕ್ಕೆ ಮೂರು ಅರ್ಥಗಳಿರುವಾಗ ಅದನ್ನು ನಂಬಿ ನುಗ್ಗುವುದು ಸರಿಯಲ್ಲ. ಇಂಡಿಕೇಟರ್ ಅಥವಾ ಕ್ಲೀನರ್ ಬೀಸಿದ ಕೈ ಏನೇ ಹೇಳಿದರೂ, ಎದುರಿನ ರಸ್ತೆ ನಿಮ್ಮ ಕಣ್ಣಿಗೆ ಪೂರ್ತಿ ಕಾಣುವವರೆಗೆ ಮುಂದಕ್ಕೆ ಹೋಗಬೇಡಿ. ತಿರುವು, ಸೇತುವೆ, ದಿಬ್ಬದ ನೆತ್ತಿ ಮತ್ತು ಬಸ್ ತಂಗುದಾಣದ ಎದುರು ಓವರ್‌ಟೇಕ್ ಬೇಡವೇ ಬೇಡ.

ನಿಧಾನವಾಗಿ ಹೋಗುವವರಿಗೂ ಒಂದು ಕರ್ತವ್ಯವಿದೆ. ಕನ್ನಡಿಯಲ್ಲಿ ಹಿಂದೆ ನಾಲ್ಕೈದು ವಾಹನಗಳ ಸಾಲು ಕಂಡರೆ, ಅಗಲವಾದ ಜಾಗದಲ್ಲಿ ಎಡಕ್ಕೆ ಸರಿದು ಅವರನ್ನು ಬಿಟ್ಟುಬಿಡಬೇಕು. ದೃಶ್ಯ ನೋಡುತ್ತಾ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುವ ಪ್ರವಾಸಿಗರ ಕಾರಿಗೂ, ಟ್ರ್ಯಾಕ್ಟರಿಗೂ ಈ ಮಾತು ಅನ್ವಯಿಸುತ್ತದೆ. ಅರ್ಧ ನಿಮಿಷದ ಈ ಕೆಲಸವನ್ನು ಮಾಡದಿರುವುದರಿಂದಲೇ ಹಿಂದಿನವರು ತಿರುವಿನಲ್ಲಿ ನುಗ್ಗುತ್ತಾರೆ ಎಂಬುದು ನನ್ನ ಅಭಿಪ್ರಾಯ. ತಪ್ಪು ನುಗ್ಗಿದವರದೇ ಆದರೂ, ಅದಕ್ಕೆ ದಾರಿ ಮಾಡಿಕೊಟ್ಟವರು ಮುಂದಿದ್ದವರು.

ಆಂಬುಲೆನ್ಸ್‌ಗೆ ದಾರಿ ಬಿಡುವ ವಿಚಾರದಲ್ಲಿ ಮಾತ್ರ ಯಾವ ಯೋಚನೆಯೂ ಬೇಕಿಲ್ಲ. ಹೆಚ್ಚಿನ ಚಿಕಿತ್ಸೆ ಬೇಕಾದ ಕೊಡಗಿನ ರೋಗಿಗಳನ್ನು ಮೈಸೂರಿಗೋ ಮಂಗಳೂರಿಗೋ, ಅಂದರೆ ನೂರಕ್ಕೂ ಹೆಚ್ಚು ಕಿ.ಮೀ. ದೂರಕ್ಕೆ, ಇದೇ 275ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಗಿಸಬೇಕಾಗುತ್ತದೆ. ಸೈರನ್ ಕೇಳಿದ ಕೂಡಲೇ ಎಡಕ್ಕೆ ಸರಿದು ನಿಲ್ಲಿ. ಅದರ ಬೆನ್ನು ಹಿಡಿದು ತಾವೂ ನುಗ್ಗುವ ಚಾಳಿ ಬೇಡ. ದಾರಿ ಬಿಡದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ತೋಟದ ರಸ್ತೆಯಲ್ಲಿ ಎದುರುಬದುರಾದಾಗ

ಹೆದ್ದಾರಿ ಬಿಟ್ಟು ಊರೊಳಗಿನ ರಸ್ತೆಗೆ ಇಳಿದರೆ ಡಾಂಬರು ಒಂದು ವಾಹನದ ಅಗಲಕ್ಕೆ ಮಾತ್ರ ಇರುತ್ತದೆ. ಒಂದು ಪಕ್ಕ ಬರೆ, ಇನ್ನೊಂದು ಪಕ್ಕ ಚರಂಡಿ, ಅದರಾಚೆ ತೋಟದ ಬೇಲಿ. ಹೋಂಸ್ಟೇಗೆ ಹೋಗುತ್ತಿರುವ ಕಾರಿಗೆ ಕಾಫಿ ಚೀಲ ತುಂಬಿದ ಪಿಕಪ್ ಎದುರಾಗುವುದು ಇಂಥಲ್ಲಿಯೇ. ಇಬ್ಬರೂ ಎಂಜಿನ್ ಆರಿಸಿ, ಮತ್ತೊಬ್ಬರು ಹಿಂದೆ ಹೋಗಲೆಂದು ಮುಖ ನೋಡುತ್ತಾ ಕುಳಿತಿರುತ್ತಾರೆ. ಕೊನೆಗೆ ಪಿಕಪ್ಪಿನಿಂದ ಒಬ್ಬರು ಇಳಿದು ಬಂದು, ‘ಅಣ್ಣಾ, ನಿಮ್ಮ ಹಿಂದೆಯೇ ಗೇಟಿನ ಹತ್ತಿರ ಜಾಗ ಉಂಟು, ಸ್ವಲ್ಪ ರಿವರ್ಸ್ ತಕೊಳ್ಳಿ’ ಎಂದಾಗಲೇ ಕಾರಿನವರಿಗೆ ತಾವು ಹತ್ತೇ ಮೀಟರ್ ಹಿಂದೆ ಒಂದು ಗೇಟನ್ನು ದಾಟಿ ಬಂದದ್ದು ಅರಿವಾಗುತ್ತದೆ.

ಇಲ್ಲಿ ಮಾಡಬೇಕಾದದ್ದು ಇಷ್ಟು. ಕಿರಿದಾದ ರಸ್ತೆಗೆ ಇಳಿದ ಕೂಡಲೇ, ವಾಹನಗಳು ಹಾಯಬಹುದಾದ ಜಾಗಗಳನ್ನು ಕಣ್ಣಿನಲ್ಲೇ ಗುರುತಿಸುತ್ತಾ ಹೋಗಿ: ತೋಟದ ಗೇಟು, ಕವಲು ದಾರಿ, ಅಗಲವಾದ ಮೋರಿ. ಎದುರಿಗೆ ವಾಹನ ಕಂಡಾಗ ನಿಮ್ಮ ಮುಂದೆ ಅಂಥ ಜಾಗವಿದ್ದರೆ ಅಲ್ಲೇ ನಿಂತು ಕಾಯಿರಿ, ನಡುವಿಗೆ ನುಗ್ಗಬೇಡಿ. ಎದುರಾಗಿಬಿಟ್ಟರೆ, ಹಾಯುವ ಜಾಗ ಯಾರಿಗೆ ಹತ್ತಿರವೋ ಅವರು ಹಿಂದೆ ಹೋಗಬೇಕು. ಎರಡೂ ಸಮಾನವಾಗಿದ್ದರೆ ಹೊರೆಯಿಲ್ಲದವರು, ಇಳಿಜಾರಿನ ಮೇಲ್ಭಾಗದಲ್ಲಿರುವವರು ಹಿಂದೆ ಹೋಗಬೇಕು. ಹಿಂದಕ್ಕೆ ತೆಗೆಯಲು ಧೈರ್ಯವಿಲ್ಲದವರು ಅದನ್ನು ನಾಚಿಕೆಯಿಲ್ಲದೆ ಹೇಳಿಬಿಟ್ಟರೆ, ಎದುರಿನವರು ಕೈ ತೋರಿಸುತ್ತಾ ಸಹಾಯ ಮಾಡುತ್ತಾರೆ. ಮಳೆಗಾಲದಲ್ಲಿ ಹಸಿರು ಹುಲ್ಲನ್ನು ನೋಡಿ ಗಟ್ಟಿ ನೆಲವೆಂದು ಚಕ್ರ ಇಳಿಸಬೇಡಿ. ಹುಲ್ಲಿನ ಕೆಳಗೆ ಹೆಚ್ಚಾಗಿ ಚರಂಡಿಯೇ ಇರುತ್ತದೆ, ಇಲ್ಲವೇ ಮಣ್ಣು ಮೆತ್ತಗಾಗಿರುತ್ತದೆ. ಅನುಮಾನವಿದ್ದರೆ ಒಬ್ಬರು ಇಳಿದು ಕಾಲಿಟ್ಟು ನೋಡಲಿ. ನೋಡಲು ಬಾರದ ತಿರುವಿಗೆ ಮುಂಚೆ ಒಂದೇ ಒಂದು ಚಿಕ್ಕ ಹಾರ್ನ್ ಸಾಕು, ಆಮೇಲೆ ಕಿಟಕಿಯ ಗಾಜು ಇಳಿಸಿ ಉತ್ತರಕ್ಕೆ ಕಿವಿಗೊಡಿ. ಹಾಡಿನ ಸದ್ದು ತುಂಬಿದ ಕಾರಿನೊಳಗೆ ಕುಳಿತವರಿಗೆ ಆ ಉತ್ತರ ಕೇಳಿಸುವುದಿಲ್ಲ.

ನಡೆದು ಹೋಗುವವರು

ಕೊಡಗಿನ ಬಹುತೇಕ ರಸ್ತೆಗಳಿಗೆ ಪಾದಚಾರಿ ಮಾರ್ಗವಿಲ್ಲ. ನಡೆಯುವವರಿಗೆ ಇರುವುದು ಡಾಂಬರಿನ ಅಂಚು. ಅಂಚಿನಾಚೆ ಮಳೆಗಾಲದಲ್ಲಿ ಕೆಸರು ಅಥವಾ ಹರಿಯುವ ಚರಂಡಿ. ಅಲ್ಲಿಗೆ ಇಳಿಯಿರಿ ಎಂದು ಹಾರ್ನ್ ಮಾಡುವುದು ನ್ಯಾಯವಲ್ಲ. ಮಳೆ ಸುರಿಯುತ್ತಿರುವಾಗ ಕೊಡೆ ಹಿಡಿದವರಿಗೆ, ತಲೆಯವರೆಗೆ ಪ್ಲಾಸ್ಟಿಕ್ ಹೊದ್ದವರಿಗೆ ಹಿಂದಿನ ವಾಹನದ ಸದ್ದು ಕೇಳುವುದೂ ಇಲ್ಲ, ಕಾಣುವುದೂ ಇಲ್ಲ. ಸೌದೆ ಹೊರೆ ಹೊತ್ತವರು ಕತ್ತು ತಿರುಗಿಸಲಾರರು. ಹತ್ತಿರ ಬಂದು ಒಮ್ಮೆಲೇ ಹಾರ್ನ್ ಮಾಡಿದರೆ ಮಕ್ಕಳು ಬೆಚ್ಚಿ ರಸ್ತೆಯ ನಡುವಿಗೇ ಓಡುತ್ತಾರೆ. ದೂರದಿಂದಲೇ ಮೆಲ್ಲನೆ ಒಮ್ಮೆ ಸೂಚನೆ ಕೊಟ್ಟು, ವೇಗ ಇಳಿಸಿ, ಎದುರಿನಿಂದ ವಾಹನ ಬರುತ್ತಿದ್ದರೆ ಅದು ದಾಟಿದ ಮೇಲೆ ಪಾದಚಾರಿಯನ್ನು ಬಳಸಿ ಹೋಗಿ. ವಾಹನ, ವಾಹನ, ನಡುವೆ ಮನುಷ್ಯ ಎಂಬ ಸ್ಥಿತಿ ಎಂದಿಗೂ ಬರಬಾರದು. ಗುಂಡಿಯಲ್ಲಿ ನೀರು ನಿಂತಿದ್ದರೆ ನಡಿಗೆಯ ವೇಗಕ್ಕೆ ಇಳಿಯಿರಿ; ಕೆಲಸಕ್ಕೋ ಶಾಲೆಗೋ ಹೊರಟವರ ಬಟ್ಟೆಯ ಮೇಲೆ ಕೆಂಪು ನೀರು ಹಾರಿದರೆ ಅವರ ಇಡೀ ದಿನ ಕೆಡುತ್ತದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಮತ್ತು ಅಂಗವಿಕಲರ ಸುರಕ್ಷತೆಯ ಬಗ್ಗೆ ವಿಶೇಷ ಎಚ್ಚರ ವಹಿಸುವ ಹೊಣೆಯನ್ನು ಚಾಲಕರ ಮೇಲೆಯೇ ಹೊರಿಸಿವೆ. ಬಸ್ಸು ನಿಂತಿದ್ದರೆ ಅದರ ಮುಂಭಾಗದಿಂದ ಯಾರೋ ದಾಟಿ ಬರುತ್ತಾರೆಂದೇ ಎಣಿಸಿ.

ನಡೆಯುವವರು ಮಾಡಬಹುದಾದ ಎರಡು ಕೆಲಸಗಳೂ ಇವೆ: ಎದುರಿನಿಂದ ಬರುವ ವಾಹನಗಳು ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ ನಡೆಯುವುದು, ಮುಸ್ಸಂಜೆಯ ಮೇಲೆ ಕೈಯಲ್ಲೊಂದು ಟಾರ್ಚ್ ಹಿಡಿಯುವುದು. ಕಪ್ಪು ಕೊಡೆ ಹಿಡಿದು ಕಪ್ಪು ಸ್ವೆಟರ್ ತೊಟ್ಟವರು ಮಂಜಿನಲ್ಲಿ ತೀರ ಹತ್ತಿರಕ್ಕೆ ಬರುವವರೆಗೂ ಕಾಣುವುದಿಲ್ಲ.

ಬೈಕ್ ಸವಾರರ ಗುಂಪು ಎದುರಾದರೆ ಅವರಲ್ಲಿ ಕೊನೆಯವರು ದಾಟುವವರೆಗೂ ಎಡಕ್ಕೆ ಒತ್ತಿಕೊಂಡಿರಿ; ಹಿಂದೆ ಬಿದ್ದವರು ಗುಂಪನ್ನು ಕೂಡಿಕೊಳ್ಳಲು ತಿರುವನ್ನು ಕತ್ತರಿಸಿಕೊಂಡು ಬರುವುದು ಸಾಮಾನ್ಯ. ಸೈಕಲ್ ಸವಾರರನ್ನು ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಿ. ಏರಿನಲ್ಲಿ ಪೆಡಲ್ ತುಳಿಯುವವರು ಸ್ವಲ್ಪ ಅತ್ತಿತ್ತ ವಾಲುತ್ತಾರೆ.

ಕಾಡಾನೆ ಮತ್ತು ದನ

ಸಿದ್ದಾಪುರ, ಅಮ್ಮತ್ತಿ, ನೆಲ್ಯಹುದಿಕೇರಿ, ತಿತಿಮತಿ ಕಡೆಯ ರಸ್ತೆಗಳಲ್ಲಿ ಕಾಡಾನೆಗಳೂ ರಸ್ತೆ ಬಳಸುತ್ತವೆ. ಅವು ಕಾಡಿನಿಂದ ತೋಟಕ್ಕೆ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವಾಗ ರಸ್ತೆ ದಾಟಲೇಬೇಕಾಗುತ್ತದೆ. ಮುಸ್ಸಂಜೆಯಿಂದ ಬೆಳಗಿನವರೆಗೆ ಇದು ಹೆಚ್ಚು. ಹಲಸು ಹಣ್ಣಾಗುವ ಕಾಲದಲ್ಲಿ, ಗದ್ದೆಯಲ್ಲಿ ಭತ್ತ ತೆನೆ ಬಿಟ್ಟ ಕಾಲದಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಆನೆ ಕಂಡರೆ ಆದಷ್ಟು ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಲೈಟನ್ನು ಬ್ರೈಟ್ ಮಾಡುವುದು ಬೇಡ, ಇಳಿದು ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಎಂಜಿನ್ ಚಾಲನೆಯಲ್ಲಿರಲಿ, ಹಿಂದೆ ಹೋಗಲು ಜಾಗವಿರಲಿ. ಒಂದಾನೆ ದಾಟಿತೆಂದು ಹೊರಡಬೇಡಿ. ಹಿಂಡಿನ ಉಳಿದವು, ಅದರಲ್ಲೂ ಮರಿಯಿರುವ ಹೆಣ್ಣಾನೆ, ಇನ್ನೂ ಬೇಲಿಯ ಒಳಗೇ ನಿಂತಿರಬಹುದು. ನಿಮ್ಮ ಹಿಂದೆ ನಿಂತವರು ವಿಷಯ ತಿಳಿಯದೆ ಹಾರ್ನ್ ಮಾಡುತ್ತಾರೆ, ನಿಮ್ಮನ್ನು ದಾಟಿ ಮುಂದಕ್ಕೂ ಬರಲು ನೋಡುತ್ತಾರೆ. ಹಜಾರ್ಡ್ ದೀಪ ಹಾಕಿ, ಕಿಟಕಿಯಿಂದ ಕೈ ತೋರಿಸಿ ತಡೆಯಿರಿ. ಬೈಕಿನಲ್ಲಿರುವವರು ಕಾಯುವ ಬದಲು ಹಿಂತಿರುಗಿ ಹೋಗುವುದೇ ಕ್ಷೇಮ.

ಮಳೆಗಾಲದಲ್ಲಿ ದನಗಳು ಡಾಂಬರಿನ ಮೇಲೆ ಮಲಗುವುದಕ್ಕೆ ಒದ್ದೆಯಿಲ್ಲದ ಬೆಚ್ಚನೆಯ ನೆಲ ಬೇರೆಲ್ಲೂ ಸಿಗದಿರುವುದೇ ಕಾರಣ. ಅವುಗಳ ಬಾಲದ ಕಡೆಯಿಂದ ಬಳಸಿ ಹೋಗಿ, ಏಕೆಂದರೆ ಎದ್ದ ದನ ಮುಂದಕ್ಕೇ ನಡೆಯುತ್ತದೆ.

ಮಂಜು ಮತ್ತು ಬೆಳಕು

ಮಂಜಿನಲ್ಲಿ ಹೆಡ್‌ಲೈಟ್ ಡಿಪ್‌ನಲ್ಲೇ ಇರಬೇಕು. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹಿಂತಿರುಗುತ್ತದೆ. ಹಜಾರ್ಡ್ ದೀಪ ಮಿನುಗಿಸುತ್ತಾ ಓಡುವ ರೂಢಿ ಘಾಟಿಯಲ್ಲಿ ಹೆಚ್ಚಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ನಾಲ್ಕೂ ದೀಪಗಳು ಮಿನುಗುತ್ತಿರುವಾಗ ವಾಹನ ನಿಂತಿದೆಯೋ ಓಡುತ್ತಿದೆಯೋ ತಿಳಿಯುವುದಿಲ್ಲ, ಎಡಕ್ಕೋ ಬಲಕ್ಕೋ ತಿರುಗುವ ಸೂಚನೆಯೂ ಸಿಗುವುದಿಲ್ಲ. ಆ ದೀಪ ನಿಂತ ವಾಹನಕ್ಕೆ ಮೀಸಲಿರಲಿ. ಎದುರಿನವರು ಬ್ರೈಟ್ ಇಳಿಸದಿದ್ದರೆ ಒಮ್ಮೆ ಡಿಪ್ ಮಾಡಿ ನೆನಪಿಸಿ, ಆಮೇಲೂ ಇಳಿಸದಿದ್ದರೆ ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ತಿರುಗಿಸಿ ವೇಗ ಇಳಿಸಿ. ಸೇಡಿಗೆ ನಾವೂ ಬ್ರೈಟ್ ಹಾಕಿದರೆ ಕಿರಿದಾದ ರಸ್ತೆಯಲ್ಲಿ ಎದುರುಬದುರು ಬರುತ್ತಿರುವ ಇಬ್ಬರಿಗೂ ಕಣ್ಣು ಕಾಣದಂತಾಗುತ್ತದೆ.

ನಿಲ್ಲಿಸುವುದು, ತಾಗುವುದು, ಕೆಟ್ಟು ನಿಲ್ಲುವುದು

ಮಳೆಗಾಲದಲ್ಲಿ ಘಾಟಿಯ ಪಕ್ಕದಲ್ಲೇ ಝರಿಗಳು ಧುಮುಕುತ್ತವೆ, ಎಲ್ಲರಿಗೂ ಅಲ್ಲೇ ನಿಲ್ಲಬೇಕೆನಿಸುತ್ತದೆ. ಅದೇ ಮಳೆ ಬರೆಯನ್ನೂ ಸಡಿಲಗೊಳಿಸಿರುತ್ತದೆಂಬುದು ನೆನಪಿರಲಿ. ಬರೆಯ ಅಡಿಯಲ್ಲಿ, ತಿರುವಿನಲ್ಲಿ, ಸೇತುವೆಯ ಮೇಲೆ ನಿಲ್ಲಿಸಬೇಡಿ. ನಾಲ್ಕು ಚಕ್ರಗಳೂ ಡಾಂಬರಿನಿಂದ ಪೂರ್ತಿ ಕೆಳಗಿಳಿಯುವ ಜಾಗ ಸಿಕ್ಕರೆ ಮಾತ್ರ ನಿಲ್ಲಿಸಿ. ಹಾಗೆ ಅಡ್ಡ ನಿಲ್ಲಿಸಿದವರನ್ನು ಕಂಡಾಗ ಬೈಯುವುದರಿಂದ ಕಾರು ಸರಿಯುವುದಿಲ್ಲ. ‘ಇಲ್ಲಿ ಬರೆ ಕುಸಿಯುತ್ತದೆ, ಸ್ವಲ್ಪ ಮುಂದೆ ಅಗಲವಾದ ಜಾಗ ಇದೆ’ ಎಂದರೆ ಹೆಚ್ಚಿನವರು ಅಲ್ಲಿಂದ ಹೊರಡುತ್ತಾರೆ, ಏಕೆಂದರೆ ಆ ಮಾತಿನಲ್ಲಿ ಅವರ ಕ್ಷೇಮವೂ ಇದೆ.

ಕನ್ನಡಿಗೆ ಕನ್ನಡಿ ತಾಗಿದಂಥ ಸಣ್ಣ ಪ್ರಸಂಗದಲ್ಲಿ ಮೊದಲು ಎರಡೂ ವಾಹನಗಳ ಮತ್ತು ಸಂಖ್ಯಾಫಲಕಗಳ ಫೋಟೊ ತೆಗೆದುಕೊಂಡು, ವಾಹನಗಳನ್ನು ರಸ್ತೆಯಿಂದ ಸರಿಸಿ, ಮಾತುಕತೆಯನ್ನು ಆಮೇಲೆ ಇಟ್ಟುಕೊಳ್ಳಿ. ತಿರುವಿನಲ್ಲೇ ನಿಂತು ವಾದಕ್ಕಿಳಿದರೆ ಎರಡೂ ಕಡೆ ವಾಹನಗಳ ಸಾಲು ಬೆಳೆಯುತ್ತದೆ, ಸಂಬಂಧವಿಲ್ಲದ ಹತ್ತು ಜನ ಸೇರುತ್ತಾರೆ, ಜಗಳದ ಕಾರಣ ಯಾರಿಗೂ ನೆನಪಿರುವುದಿಲ್ಲ. ಮಾತು ಬಿಸಿಯಾದರೆ ವಾಹನದೊಳಗೆ ಕುಳಿತು 112ಕ್ಕೆ ಕರೆ ಮಾಡಿ. ಯಾರಿಗಾದರೂ ಗಾಯವಾಗಿದ್ದರೆ 108ಕ್ಕೆ ಕರೆ ಮಾಡುವುದು ಎಲ್ಲಕ್ಕಿಂತ ಮೊದಲು. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, 24 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ತಿಳಿಸುವುದು ಕಾನೂನಿನ ಪ್ರಕಾರ ಚಾಲಕರ ಹೊಣೆ. ಸಹಾಯಕ್ಕೆ ನಿಲ್ಲುವ ದಾರಿಹೋಕರೂ ಹಿಂಜರಿಯಬೇಕಿಲ್ಲ, ಅವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಪ್ರಕರಣದಡಿ ರಕ್ಷಣೆಯಿದೆ.

ವಾಹನ ಕೆಟ್ಟು ನಿಂತರೆ ತ್ರಿಕೋನ ಫಲಕವನ್ನು ತಿರುವಿಗೆ ಮುಂಚೆಯೇ, ಹಿಂದಿನವರಿಗೆ ದೂರದಿಂದ ಕಾಣುವಂತೆ ಇಡಬೇಕು. ಫಲಕವಿಲ್ಲದವರು ಸೊಪ್ಪಿನ ಕೊಂಬೆ ಮುರಿದು ರಸ್ತೆಯ ಮೇಲಿಡುತ್ತಾರೆ, ಚಕ್ರದ ಹಿಂದೆ ದೊಡ್ಡ ಕಲ್ಲು ಕೊಡುತ್ತಾರೆ. ತುರ್ತಿಗೆ ಇದರಲ್ಲಿ ತಪ್ಪೇನಿಲ್ಲ, ಆದರೆ ರಿಪೇರಿ ಮುಗಿದು ಲಾರಿ ಹೊರಟ ಮೇಲೂ ಆ ಕಲ್ಲುಗಳು ರಸ್ತೆಯ ನಡುವೆಯೇ ಉಳಿದಿರುತ್ತವೆ. ರಾತ್ರಿ ಮಂಜಿನಲ್ಲಿ ಬರುವ ಬೈಕ್ ಸವಾರರಿಗೆ ಅವು ಕಾಣುವುದಿಲ್ಲ. ಹೊರಡುವ ಮುನ್ನ ಇಟ್ಟವರೇ ಕಲ್ಲು, ಕೊಂಬೆಗಳನ್ನು ತೆಗೆದು ಬರೆಯ ಕಡೆಗೆ ಹಾಕಬೇಕು. ಬೇರೆ ಯಾರೋ ಬಿಟ್ಟುಹೋದ ಕಲ್ಲು ಕಂಡರೆ, ನಿಲ್ಲಿಸಲು ಸುರಕ್ಷಿತವಾದ ಜಾಗವಿದ್ದಲ್ಲಿ ಇಳಿದು ನೀವೇ ಪಕ್ಕಕ್ಕೆ ಹಾಕಿ. ಮರ ಅಥವಾ ಮಣ್ಣು ಬಿದ್ದಿದ್ದರೆ 112ಕ್ಕೆ ತಿಳಿಸಿ, ಎದುರಿನಿಂದ ಬರುವ ಮೊದಲ ವಾಹನವನ್ನು ಕೈ ತೋರಿಸಿ ನಿಲ್ಲಿಸಿ ಹೇಳಿ.